ಗುರು ಪಿಯಾಜಿ ಕಂಡ ಹೊಸ ಲೋಕ

ಸಂತ ಫ್ರಾನ್ಸಿಸ್ ಜೇವಿಯರರ ದರ್ಶನಕ್ಕೆಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಹಳೆಯ ಗೋವೆಗೆ ಯಾತ್ರೆ ಹೋದ ನಮ್ಮ ಕುಟುಂಬಗಳು ಅಲ್ಲಿ ಸಂತ ಕಜೆತಾನರ ದೇವಾಲಯವನ್ನೂ ಕಂಡಿರಬಹುದು. ರೋಮಿನ ಸಂತ ಪೇತ್ರರ ಮಹಾದೇವಾಲಯದ ಮಾದರಿಯಲ್ಲಿ ಅದನ್ನು 17ನೆಯ ಶತಮಾನದಲ್ಲಿ ಕಟ್ಟಿಸಿದವರು ಥಿಯಾಟೈನ್ ಸಭೆಯ ಗುರುಗಳು. ಅದೇ ಸಭೆಯ ಗುರುವೊಬ್ಬರು ಆಕಾಶದಲ್ಲಿ ಹೊಸ ಲೋಕವೊಂದನ್ನು ಕಂಡು, ಕಂಡದ್ದನ್ನು ಕಳೆದುಕೊಂಡ ವೃತ್ತಾಂತವನ್ನು ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಜ್ಯುಸೆಪ್ಪೆ ಪಿಯಾಜಿ (ನಮ್ಮಲ್ಲಾದರೆ ಜೋಸೆಫ್ ಎನ್ನುತ್ತಿದ್ದೆವು) 1746ರ ಜುಲೈ 16ರಂದು ಉತ್ತರ ಇಟಲಿಯ ಪೊಂತೆ ಎಂಬ ಊರಿನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ಸಭೆ ಸೇರಿ, ದೈವಶಾಸ್ತ್ರವನ್ನೂ ಗಣಿತವನ್ನೂ ಬೋಧಿಸಿದರು. ರೋಮಿನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಕಿಯಾರಮೊಂತಿಯವರೇ ಮುಂದೆ ಪೋಪ್ ಏಳನೆಯ ಪಿಯುಸ್ ಆದರು. ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ವೀಕ್ಷಣಾಲಯ ಕಟ್ಟುವ ಹೊಣೆ ಬಂದಾಗ ಗುರುಗಳಿಗೆ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಪ್ಯಾರಿಸ್, ಲಂಡನ್‌ಗಳಿಗೆ ಹೋಗಿ ಖಗೋಳಶಾಸ್ತ್ರವನ್ನು ಅಭ್ಯಾಸ ಮಾಡಿದರು. ಲಂಡನ್ನಿನ ರಾಮ್ಸ್‌ಡೆನ್ ಎಂಬ ಕುಶಲಕರ್ಮಿಯಿಂದ ಐದು ಅಡಿ ಅಳತೆಯ ಚಕ್ರವುಳ್ಳ ದೂರದರ್ಶಕವನ್ನು ಮಾಡಿಸಿ ತಂದು, ಅರಮನೆಯ ಗೋಪುರದ ಮೇಲೆ ನಿಲ್ಲಿಸಿದರು.

ನಕ್ಷತ್ರಗಳ ಪಟ್ಟಿ ಮಾಡುವುದು ಅವರ ಕೆಲಸ. ಒಂದು ನಕ್ಷತ್ರವನ್ನು ಒಮ್ಮೆ ಅಳೆದು ಬಿಡುವವರಲ್ಲ. ಹಲವು ರಾತ್ರಿ ಅಳೆದ ಮೇಲೆಯೇ ಅವರಿಗೆ ಸಮಾಧಾನ. ಈ ಹಟವೇ ಫಲ ಕೊಟ್ಟಿತು. 1801ರ ಜನವರಿ 1, ಹೊಸ ಶತಮಾನದ ಮೊದಲ ರಾತ್ರಿ, ವೃಷಭ ರಾಶಿಯಲ್ಲಿ ಕಂಡ ಮಂದ ಚುಕ್ಕೆಯೊಂದು ಮರುರಾತ್ರಿ ತುಸು ಸರಿದಿತ್ತು. ಮೂರನೆಯ ರಾತ್ರಿ ಮತ್ತೂ ಸರಿಯಿತು. ಗ್ರಹವಿರಬಹುದೆಂದು ಒಳಗೆ ಅನಿಸಿದರೂ, ಧೂಮಕೇತುವೆಂದೇ ಹೊರಗೆ ತಿಳಿಸಿದರು.

ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದರು. ಅಷ್ಟರಲ್ಲಿ ಅನಾರೋಗ್ಯ ಕಾಡಿತು. ಚುಕ್ಕೆಯೂ ಸೂರ್ಯನ ಪ್ರಭೆಯಲ್ಲಿ ಮುಳುಗಿತು. ಅಳತೆಗಳನ್ನು ಬಚ್ಚಿಟ್ಟುಕೊಂಡರೆಂದು ಕೆಲವು ಪಂಡಿತರು ಗೊಣಗಿದರು. ಅದರ ಪಥವನ್ನು ತಾವೇ ಲೆಕ್ಕ ಹಾಕಬೇಕೆಂಬ ಆಸೆ ಗುರುಗಳಿಗಿದ್ದುದು ನಿಜ. ಮನುಷ್ಯಸಹಜವೆಂದೇ ನಾವು ಭಾವಿಸುತ್ತೇವೆ. ಕೊನೆಗೆ ಎಲ್ಲವನ್ನೂ ಇತರರ ಕೈಗೊಪ್ಪಿಸಿದರು. ಜರ್ಮನಿಯ 24ರ ತರುಣ ಗೌಸ್ ಆ ಕೆಲವೇ ಅಳತೆಗಳಿಂದ ಪಥವನ್ನು ಗಣಿಸಿದನು. ಅವನು ಸೂಚಿಸಿದ ಕಡೆಯಲ್ಲೇ, ಅದೇ ವರ್ಷದ ಡಿಸೆಂಬರ್ 31ರಂದು, ಜಾಕ್ ಎಂಬ ಖಗೋಳಜ್ಞನಿಗೆ ಚುಕ್ಕೆ ಮತ್ತೆ ಸಿಕ್ಕಿತು.

ಗುರುಗಳು ಅದಕ್ಕೆ ಸಿಸಿಲಿಯ ಪುರಾತನ ಧಾನ್ಯದೇವತೆ ಸೆರೆಸ್‌ಳ ಹೆಸರನ್ನೂ ರಾಜ ಫರ್ಡಿನಾಂಡನ ಹೆಸರನ್ನೂ ಕೂಡಿಸಿ ಇಟ್ಟರು. ರಾಜನ ಹೆಸರು ಉಳಿಯಲಿಲ್ಲ. ಕ್ರೈಸ್ತ ಗುರುವಿಗೆ ಇದೆಂಥ ಹೆಸರು ಎಂದು ಯಾರಾದರೂ ಕೇಳಿಯಾರು. ಗ್ರಹಗಳಿಗೆ ರೋಮನ್ ದೇವತೆಗಳ ಹೆಸರಿಡುವುದು ಆಗಿನ ರೂಢಿ. ನಮ್ಮ ಎರೆಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಲ್ಲುವ ಜನವರಿಯಲ್ಲಿ ಕಂಡದ್ದಕ್ಕೆ ಧಾನ್ಯದ ಹೆಸರು ನಮಗಂತೂ ಒಪ್ಪುವಂಥದೇ. ಕ್ಷುದ್ರಗ್ರಹಗಳಲ್ಲಿ ಮೊದಲನೆಯದೆನಿಸಿದ ಸೆರೆಸ್, 2006ರಿಂದ ಕುಬ್ಜಗ್ರಹವೆಂದು ಗಣಿತವಾಗಿದೆ.

ರಾಜನು ಚಿನ್ನದ ಪದಕ ಮಾಡಿಸಲು ಮುಂದಾದಾಗ ಗುರುಗಳು ಬೇಡವೆಂದು, ಆ ಹಣದಿಂದ ವೀಕ್ಷಣಾಲಯಕ್ಕೆ ಉಪಕರಣ ಬೇಡಿದರು. 1814ರಲ್ಲಿ 7,646 ನಕ್ಷತ್ರಗಳ ಪಟ್ಟಿಯನ್ನು ಹೊರತಂದರು. 1826ರ ಜುಲೈ 22ರಂದು, 80ನೆಯ ವಯಸ್ಸಿನಲ್ಲಿ, ನೇಪಲ್ಸ್‌ನಲ್ಲಿ ದೈವಾಧೀನರಾದರು.

1923ರ ಆಗಸ್ಟ್ 12ರಂದು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಕಾರ್ಲ್ ರೈನ್‌ಮುತ್ ಕಂಡುಹಿಡಿದ ಕ್ಷುದ್ರಗ್ರಹವೊಂದಕ್ಕೆ 1000 ಎಂಬ ಕ್ರಮಸಂಖ್ಯೆ ಬಂತು. ಮೊದಲನೆಯದನ್ನು ಕಂಡವರ ಹೆಸರು ಸಾವಿರದೆಯದಕ್ಕೆ ಸಂದಿತು: ಪಿಯಾಜಿಯಾ. ಸುಮಾರು 48 ಕಿಲೋಮೀಟರ್ ಅಗಲದ ಈ ಕಪ್ಪು ಬಂಡೆ, ಕ್ಷುದ್ರಗ್ರಹಗಳ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 47 ಕೋಟಿ ಕಿಲೋಮೀಟರ್ ದೂರದಲ್ಲಿ, ಐದೂವರೆ ವರ್ಷಕ್ಕೂ ಮಿಕ್ಕ ಅವಧಿಗೆ ಒಂದು ಸುತ್ತಿನಂತೆ ಸುತ್ತುತ್ತಿದೆ.