ಆಟದ ಹಾಸಿನ ಮುಂದೆ ಒಬ್ಬ ಅರಸ

ಕಳೆದ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ನಮಗೊಂದು ಕುದುರೆ ಗಂಟುಬಿತ್ತು. ಚದುರಂಗದ ಕುದುರೆ 64 ಮನೆಗಳಿಗೂ ಹೋಗಬೇಕು, ಒಂದು ಮನೆಗೆ ಒಂದೇ ಸಲ ಕಾಲಿಡಬೇಕು, ಅದಕ್ಕೆ ಪ್ರೋಗ್ರಾಂ ಬರೆಯಬೇಕು. ನನ್ನ ಕುದುರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇದರ ಬಗ್ಗೆ ಓದುತ್ತಾ ಹೋದಾಗ ಸಿಕ್ಕ ಹೆಸರು ಮುಮ್ಮಡಿ ಕೃಷ್ಣರಾಜ ಒಡೆಯರ್. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮೈಸೂರಿನ ಅರಸರೊಬ್ಬರು ಕೂತು ಇದೇ ಒಗಟನ್ನು ಬಿಡಿಸಿದ್ದರು!

ಅವರು ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಇನ್ನೂ ಐದು ತುಂಬದ ಈ ಮಗುವನ್ನು ಬ್ರಿಟಿಷರು ಪಟ್ಟಕ್ಕೆ ಕೂರಿಸಿದರು. ಮೊದಲು ಆಡಳಿತ ನೋಡಿಕೊಂಡದ್ದು ದಿವಾನ್ ಪೂರ್ಣಯ್ಯ. ಹದಿಹರೆಯದಲ್ಲಿ ಅಧಿಕಾರ ಕೈಗೆ ಬಂತು. ಖರ್ಚು ಹೆಚ್ಚಿತು, ಸಾಲ ಬೆಳೆಯಿತು. 1830ರಲ್ಲಿ ನಗರದ ಕಡೆಯ ರೈತರು ದಂಗೆ ಎದ್ದರು. ಅದನ್ನೇ ಮುಂದಿಟ್ಟುಕೊಂಡು 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ತೆಗೆದುಕೊಂಡರು. ಆಗ ಅರಸರಿಗೆ 37 ವರ್ಷ. ಅರಮನೆ ಉಳಿಯಿತು, ಭತ್ಯೆ ಉಳಿಯಿತು, ಕೆಲಸ ಹೋಯಿತು.

ನನಗೆ ಬೆರಗು ಹುಟ್ಟಿಸಿದ್ದು ಆಮೇಲಿನ 37 ವರ್ಷ. ಪಗಡೆ, ಚದುರಂಗಗಳಲ್ಲಿ ಹೊಸ ಹೊಸ ಬಗೆ ಕಟ್ಟಿದರು. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟವನ್ನು ಬೆಳೆಸಿದರು. ದಶಾವತಾರದ ಗಂಜೀಫಾದಲ್ಲಿ 120 ಎಲೆ, ಅರಸರು ರೂಪಿಸಿದ ಕೆಲವು ಆಟಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಹೋಗುತ್ತದೆ. ಅಂಗೈಯಷ್ಟೂ ಇಲ್ಲದ ಆ ಎಲೆಗಳ ಮೇಲೆ ಅರಮನೆಯ ಚಿತ್ರಗಾರರು ದೇವರುಗಳನ್ನು ಒಡವೆ, ಆಯುಧ, ವಾಹನ ಸಮೇತ ಬಿಡಿಸಬೇಕಿತ್ತು. ಯಾವ ದೇವರಿಗೆ ಯಾವ ಬಣ್ಣ, ಎಷ್ಟು ಕೈ ಎಂಬುದನ್ನೆಲ್ಲ ಒಟ್ಟುಮಾಡಿದ ಸಚಿತ್ರ ಗ್ರಂಥ ‘ಶ್ರೀತತ್ತ್ವನಿಧಿ’ ಇವರದೇ. ಅದರ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ. 1861ರ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಆಟದ ಹಾಸುಗಳಿವೆ. 1833ರಲ್ಲಿ ಅವರು ಶುರುಮಾಡಿದ ಶಾಲೆಯೇ ಮುಂದೆ ಮಹಾರಾಜ ಕಾಲೇಜು ಆಯಿತು.

ಇದನ್ನೆಲ್ಲ ಓದುವಾಗ ನಮ್ಮಣ್ಣ ನೆನಪಾದ. ಅವನ ಬಿಇ ಮುಗಿದು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ರಾತ್ರಿ ಹೊತ್ತು ಹೆಬ್ಬೆರಳುದ್ದದ ಸೈನಿಕ ಬೊಂಬೆಗಳಿಗೆ ಬಣ್ಣ ಹಚ್ಚುತ್ತಾ ಕೂರುತ್ತಾನೆ. ಮನೆಗೆ ಬಂದ ನೆಂಟರು ಅದನ್ನು ಕಂಡು ನಗುತ್ತಾರೆ. ಅರಸರಿಗೆ ಭತ್ಯೆ ಇತ್ತು, ಅಣ್ಣನಿಗಿಲ್ಲ, ಈ ವ್ಯತ್ಯಾಸ ನನಗೂ ಗೊತ್ತು. ಆದರೆ ಆಟ ಆಡುತ್ತಾ ಅರಸರು ತಮ್ಮ ಅಸಲಿ ಕೆಲಸವನ್ನು ಮರೆತಿರಲಿಲ್ಲ. ರಾಜ್ಯ ಹಿಂದಿರುಗಿಸಿ ಎಂದು ಮತ್ತೆ ಮತ್ತೆ ಮನವಿ ಕಳಿಸಿದರು, ಮತ್ತೆ ಮತ್ತೆ ಇಲ್ಲ ಎನ್ನಿಸಿಕೊಂಡರು. 1865ರಲ್ಲಿ ಪುಟ್ಟ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷರು ಅದಕ್ಕೆ ಒಪ್ಪಿದರು. ಮರುವರ್ಷ ಅರಸರು ತೀರಿಕೊಂಡರು. ರಾಜ್ಯ ಆ ಹುಡುಗನ ಕೈಗೆ ಬಂದದ್ದು 1881ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ನನ್ನ ಪ್ರೋಗ್ರಾಂ ಕೊನೆಗೂ ಓಡಿತು. ದಾರಿ ಮುಚ್ಚಿದಾಗ ಕುದುರೆ ಒಂದು ಮನೆ ಹಿಂದೆ ಬಂದು ಬೇರೆ ಕಡೆ ನೆಗೆಯುವಂತೆ ಬರೆದಿದ್ದೆ. ಅಣ್ಣನಿಗೆ ತೋರಿಸಿದೆ. ಕುಂಚ ಕೆಳಗಿಡದೆ ನೋಡಿದ, ನಕ್ಕ. ಮುಂದಿನ ವಾರ ಅವನಿಗೆ ಇನ್ನೊಂದು ಇಂಟರ್‌ವ್ಯೂ ಇದೆ.