ಲೋಹದ ಅಂತರಂಗವನ್ನು ಅರಸಿದ ಪಾಲ್ ಡ್ರೂಡೆ

ಕುದಿಯುವ ಹಾಲಿನಲ್ಲಿ ಬೆಳ್ಳಿಯ ಚಮಚವನ್ನೂ ಮರದ ಸೌಟನ್ನೂ ಇಟ್ಟರೆ ಚಮಚದ ಹಿಡಿ ಬೇಗನೆ ಕೈ ಸುಡುತ್ತದೆ. ಸೌಟಿನ ಹಿಡಿ ತಣ್ಣಗೇ ಇರುತ್ತದೆ. ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದರಲ್ಲಿಯೂ ಲೋಹಗಳೊಳಗೆ ಬೆಳ್ಳಿಯದೇ ಮೊದಲ ಸ್ಥಾನ. ಶಾಖ, ವಿದ್ಯುತ್ತು ಎರಡಕ್ಕೂ ಒಂದೇ ವಸ್ತು ಹೀಗೆ ದಾರಿ ಬಿಡುವುದೇಕೆ? ಈ ಪ್ರಶ್ನೆಗೆ ಎಲೆಕ್ಟ್ರಾನುಗಳ ನೆಲೆಯಿಂದ ಉತ್ತರ ಹುಡುಕಿದವರಲ್ಲಿ ಅಗ್ರಗಣ್ಯರು ಜರ್ಮನಿಯ ಪಾಲ್ ಡ್ರೂಡೆಯವರು.

ಡ್ರೂಡೆಯವರು 1863ರ ಜುಲೈ 12ರಂದು ಬ್ರೌನ್‌ಷ್ವೈಗ್ ನಗರದಲ್ಲಿ ವೈದ್ಯರೊಬ್ಬರ ಮಗನಾಗಿ ಜನಿಸಿದರು. ಗಣಿತವನ್ನು ಅಭ್ಯಸಿಸಲು ಹೊರಟ ತರುಣನ ಮನಸ್ಸು ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದತ್ತ ಹೊರಳಿತು. ಅಲ್ಲಿ ಫೋಯ್ಗ್ಟ್ ಎಂಬ ಗುರುಗಳ ಮಾರ್ಗದರ್ಶನದಲ್ಲಿ ಹರಳುಗಳ ಮೇಲೆ ಬಿದ್ದ ಬೆಳಕಿನ ವರ್ತನೆಯನ್ನು ಕುರಿತು ಸಂಶೋಧನೆ ನಡೆಸಿ 1887ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಲೋಹಗಳ ನುಣುಪಾದ ಮೈಯಿಂದ ಪ್ರತಿಫಲಿಸುವ ಬೆಳಕನ್ನು ವರ್ಷಗಟ್ಟಲೆ ಅಳೆದರು. ಈ ತಾಳ್ಮೆಯ ಕಾಯಕವೇ ಅವರನ್ನು ಲೋಹದ ಅಂತರಂಗದೆಡೆಗೆ ಕರೆದೊಯ್ದಿತು. 1894ರಲ್ಲಿ ಅವರು ಲೈಪ್‌ತ್ಸಿಗ್‌ಗೆ ಪ್ರಾಧ್ಯಾಪಕರಾಗಿ ತೆರಳಿದರು.

ಅಷ್ಟರಲ್ಲಿ ಒಂದು ಹಳೆಯ ಒಗಟು ವಿಜ್ಞಾನಿಗಳ ಮುಂದಿತ್ತು. ಒಂದೇ ತಾಪದಲ್ಲಿ ಉಷ್ಣವಾಹಕತೆಗೂ ವಿದ್ಯುದ್ವಾಹಕತೆಗೂ ಇರುವ ಪ್ರಮಾಣ ಎಲ್ಲ ಲೋಹಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಎಂದು ವೀಡೆಮನ್ ಮತ್ತು ಫ್ರಾಂಟ್ಸ್ ಎಂಬಿಬ್ಬರು 1853ರಲ್ಲಿಯೇ ಕಂಡುಹಿಡಿದಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ನರು ಎಲೆಕ್ಟ್ರಾನಿನ ಇರವನ್ನು ತೋರಿಸಿಕೊಟ್ಟರು. ಡ್ರೂಡೆಯವರು 1900ರಲ್ಲಿ ಅದನ್ನೇ ಕೀಲಿಕೈಯಾಗಿ ಹಿಡಿದರು.

ಮರ, ಗಾಜುಗಳಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ನೆಲೆಗಳಿಗೆ ಕಟ್ಟುಬಿದ್ದಿರುತ್ತವೆ. ಲೋಹದಲ್ಲಾದರೋ ಹಲವು ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ, ಪಾತ್ರೆಯಲ್ಲಿ ತುಂಬಿದ ಅನಿಲದಂತೆ ಎಲ್ಲೆಡೆ ಸಂಚರಿಸುತ್ತವೆ. ತಂತಿಯನ್ನು ಬ್ಯಾಟರಿಗೆ ಜೋಡಿಸಿದಾಗ ಅವು ಅಲ್ಲಲ್ಲಿ ಡಿಕ್ಕಿ ಹೊಡೆಯುತ್ತಲೇ ಒಂದು ದಿಕ್ಕಿಗೆ ಸರಿಯುತ್ತವೆ, ಅದೇ ವಿದ್ಯುತ್ಪ್ರವಾಹ. ಒಂದು ತುದಿ ಕಾದಾಗ ಅಲ್ಲಿನ ಚಲನಶಕ್ತಿಯನ್ನು ಇನ್ನೊಂದು ತುದಿಗೆ ಮುಟ್ಟಿಸುತ್ತವೆ, ಅದೇ ಉಷ್ಣವಹನ. ಹೊರೆ ಎರಡು, ಹೊರುವ ಆಳು ಒಬ್ಬನೇ. ಡ್ರೂಡೆಯವರು ಲೆಕ್ಕಹಾಕಿದ ಪ್ರಮಾಣ ಪ್ರಯೋಗದ ಫಲಿತಾಂಶಕ್ಕೆ ಆಶ್ಚರ್ಯಕರವಾಗಿ ಹೊಂದಿಕೊಂಡಿತು.

ಕೀರ್ತಿಯೊಡನೆ ಹೊಣೆಗಳೂ ಬೆಳೆದವು. ಅದೇ ವರ್ಷ ಅವರು ಪ್ರಸಿದ್ಧ ಭೌತವಿಜ್ಞಾನ ಪತ್ರಿಕೆ ‘ಆನಾಲೆನ್ ಡೆರ್ ಫಿಸೀಕ್’ನ ಸಂಪಾದಕರಾದರು, 1901ರಲ್ಲಿ ಗೀಸೆನ್‌ನಲ್ಲಿ ಪ್ರಾಧ್ಯಾಪಕರಾದರು. ಆಗಿನ್ನೂ ಸ್ಥಿರ ಉದ್ಯೋಗವಿಲ್ಲದ ತರುಣ ಐನ್‌ಸ್ಟೈನರು ಈ ಸಿದ್ಧಾಂತದ ಬಗ್ಗೆ ಆಕ್ಷೇಪಗಳನ್ನು ಪತ್ರಮುಖೇನ ಕಳುಹಿದರು. ಡ್ರೂಡೆಯವರು ಅವನ್ನು ಒಪ್ಪಲಿಲ್ಲ. ಆದರೂ 1905ರಲ್ಲಿ ಅದೇ ತರುಣನ ಯುಗಪ್ರವರ್ತಕ ಲೇಖನಗಳು ಅಚ್ಚಾದುದು ಡ್ರೂಡೆಯವರ ಪತ್ರಿಕೆಯಲ್ಲಿಯೇ. ಆ ವರ್ಷವೇ ಅವರು ಬರ್ಲಿನ್ನಿನ ಭೌತವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1906ರಲ್ಲಿ ಪ್ರಷ್ಯದ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ದೊರೆಯಿತು. ಆದರೆ ಅದೇ ಜುಲೈ 5ರಂದು, ಪತ್ನಿಯನ್ನೂ ನಾಲ್ವರು ಮಕ್ಕಳನ್ನೂ ಅಗಲಿ, ಡ್ರೂಡೆಯವರು ತಮ್ಮ ಬಾಳನ್ನು ತಾವೇ ಕೊನೆಗಾಣಿಸಿಕೊಂಡರು. ಇನ್ನೊಂದು ವಾರ ಕಳೆದಿದ್ದರೆ ಅವರಿಗೆ 43 ವರ್ಷ ತುಂಬುತ್ತಿತ್ತು.

ಅವರ ಲೆಕ್ಕದಲ್ಲಿ ದೋಷಗಳಿದ್ದವು. ಒಂದೆಡೆ ಉತ್ತರ ಇಮ್ಮಡಿಯಾಗಿತ್ತು. ಎಲೆಕ್ಟ್ರಾನುಗಳು ಹೀರಬಲ್ಲ ಶಾಖವನ್ನು ವಾಸ್ತವಕ್ಕಿಂತ ನೂರು ಪಟ್ಟಿನಷ್ಟು ಹೆಚ್ಚಾಗಿ ಊಹಿಸಿದ್ದರು. ಅವುಗಳ ವೇಗ ಸೆಕೆಂಡಿಗೆ 100 ಕಿಲೋಮೀಟರಿನಷ್ಟೆಂದು ಆ ಸಿದ್ಧಾಂತ ಹೇಳುತ್ತಿತ್ತು. ತಾಮ್ರದಲ್ಲಿ ಅದು ನಿಜಕ್ಕೂ ಸುಮಾರು 1,600 ಕಿಲೋಮೀಟರು. ಲೆಕ್ಕದಲ್ಲಿ ಬರುವುದು ವೇಗದ ವರ್ಗ. ಆದುದರಿಂದ ಒಂದು ಕಡೆಯ ಹೆಚ್ಚಳ ಇನ್ನೊಂದು ಕಡೆಯ ಕೊರತೆಯನ್ನು ತುಂಬಿತ್ತು. ಹೊಸ ಕ್ವಾಂಟಂ ವಿಜ್ಞಾನದ ಬೆಳಕಿನಲ್ಲಿ ಇದನ್ನೆಲ್ಲ 1927–28ರಲ್ಲಿ ಸರಿಪಡಿಸಿದವರು ಸೊಮ್ಮರ್‌ಫೆಲ್ಡರು. ಡ್ರೂಡೆಯವರ ಸೂತ್ರದಲ್ಲಿ 3 ಎಂದಿದ್ದ ಅಂಕಿ ಅವರ ಸೂತ್ರದಲ್ಲಿ 3.29 ಆಯಿತು.

ದೋಷಗಳು ಕಳೆದುಹೋದವು, ಲೋಹದೊಳಗೆ ಸ್ವತಂತ್ರವಾಗಿ ಸಂಚರಿಸುವ ಎಲೆಕ್ಟ್ರಾನುಗಳೇ ಶಾಖ, ವಿದ್ಯುತ್ತುಗಳೆರಡನ್ನೂ ಹೊರುತ್ತವೆಂಬ ಮೂಲಭಾವ ಉಳಿಯಿತು. ಇಂದಿಗೂ ಲೋಹಗಳ ವಾಹಕತೆಯ ಪಾಠ ಮೊದಲ್ಗೊಳ್ಳುವುದು ಡ್ರೂಡೆಯವರ ಹೆಸರಿನಿಂದಲೇ. ತಪ್ಪಿಲ್ಲದ ಬಾಳಾಗಲಿ, ತಪ್ಪಿಲ್ಲದ ಶಾಸ್ತ್ರವಾಗಲಿ ವಿರಳ. ಮುಂದೆ ಬರುವವನು ತಿದ್ದಿ ಮುನ್ನಡೆಸಬಹುದಾದ ನಿಜವೊಂದನ್ನು ಬಿಟ್ಟುಹೋಗುವುದು ಸಾಮಾನ್ಯ ಸಾಧನೆಯಲ್ಲ.