ಮೇರಿ ಜೇನ್ ರಾಥ್‌ಬನ್ (1860–1943): ಏಡಿಗಳ ವರ್ಗೀಕರಣಕ್ಕೆ ಬುನಾದಿ ಹಾಕಿದ ಪ್ರಾಣಿಶಾಸ್ತ್ರಜ್ಞೆ

ಪರಿಚಯ

ಸಾಗರ ಪ್ರಾಣಿಶಾಸ್ತ್ರ ಕ್ಷೇತ್ರದಲ್ಲಿ ಆರಂಭಿಕ ಕಾಲದಲ್ಲಿ ಸೇವೆ ಸಲ್ಲಿಸಿದ ಮಹಿಳೆಯರ ಪೈಕಿ ಅಮೆರಿಕದ ಮೇರಿ ಜೇನ್ ರಾಥ್‌ಬನ್ ರವರು ಪ್ರಮುಖರು. ಏಡಿ, ಸೀಗಡಿ ಮೊದಲಾದ ಗಟ್ಟಿ ಕವಚದ ಪ್ರಾಣಿಗಳನ್ನು ಒಳಗೊಂಡ ಕಠಿಣಚರ್ಮಿಗಳ ವರ್ಗೀಕರಣವು ಇವರ ಅಧ್ಯಯನದ ವಿಷಯವಾಗಿತ್ತು. ಕಾಲೇಜು ಶಿಕ್ಷಣ ಪಡೆಯದೆ, ಸಾಮಾನ್ಯ ನೌಕರರಾಗಿ ಸರ್ಕಾರಿ ಸೇವೆಗೆ ಸೇರಿದ ಇವರು ಸಾವಿರಕ್ಕೂ ಹೆಚ್ಚು ಪ್ರಭೇದ ಹಾಗೂ ಉಪಪ್ರಭೇದಗಳನ್ನು ಮೊದಲ ಬಾರಿಗೆ ವಿವರಿಸಿ ಹೆಸರಿಸಿದರು.

ಜನನ ಮತ್ತು ಬಾಲ್ಯ

ರಾಥ್‌ಬನ್ ರವರು 1860ರ ಜೂನ್ 11ರಂದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದರು. ಇವರ ತಂದೆ ಕಲ್ಲುಗಣಿ ಉದ್ಯಮ ನಡೆಸುತ್ತಿದ್ದರು. ಇವರು ಒಂದು ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. 1878ರಲ್ಲಿ ಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಿದ ಇವರು ನಂತರ ಕಾಲೇಜಿಗೆ ಸೇರಲಿಲ್ಲ.

ಇವರ ಅಣ್ಣ ರಿಚರ್ಡ್ ರಾಥ್‌ಬನ್ ರವರು ಅಮೆರಿಕದ ಮೀನುಗಾರಿಕೆ ಆಯೋಗದಲ್ಲಿ ವಿಜ್ಞಾನಿಯಾಗಿದ್ದರು. 1881ರಲ್ಲಿ ಅಣ್ಣನೊಂದಿಗೆ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಲ್ಲಿರುವ ವುಡ್ಸ್ ಹೋಲ್‌ಗೆ ತೆರಳಿದ ಇವರು ಅಲ್ಲಿ ಮೊದಲ ಬಾರಿಗೆ ಸಮುದ್ರವನ್ನು ಕಂಡರು. ಸಮುದ್ರದಿಂದ ಸಂಗ್ರಹಿಸಿ ತಂದ ಜೀವಿಗಳನ್ನು ಬೇರ್ಪಡಿಸುವುದು, ಅವುಗಳಿಗೆ ಹೆಸರುಚೀಟಿ ಅಂಟಿಸುವುದು ಮತ್ತು ವಿವರಗಳನ್ನು ದಾಖಲಿಸುವುದು ಇವರ ಕೆಲಸವಾಗಿತ್ತು. ಈ ಕಾರ್ಯವನ್ನು ಮೂರು ವರ್ಷಗಳ ಕಾಲ ಯಾವುದೇ ವೇತನವಿಲ್ಲದೆ ನಿರ್ವಹಿಸಿದರು.

ಸರ್ಕಾರಿ ಸೇವೆ

ಮೀನುಗಾರಿಕೆ ಆಯೋಗದ ಮುಖ್ಯಸ್ಥರಾಗಿದ್ದ ಸ್ಪೆನ್ಸರ್ ಬೇರ್ಡ್ ರವರು ಇವರ ಶ್ರದ್ಧೆಯನ್ನು ಗಮನಿಸಿ 1884ರಲ್ಲಿ ಇವರಿಗೆ ಪೂರ್ಣಾವಧಿಯ ಗುಮಾಸ್ತೆ ಹುದ್ದೆಯನ್ನು ದೊರಕಿಸಿಕೊಟ್ಟರು. 1886ರಲ್ಲಿ ಇವರು ಸ್ಮಿತ್ಸೋನಿಯನ್ ಸಂಸ್ಥೆಯ ಅಧೀನದಲ್ಲಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಾಗರ ಅಕಶೇರುಕ ವಿಭಾಗಕ್ಕೆ ನಕಲುಗಾರರಾಗಿ ಸೇರಿದರು. ವಿಭಾಗದ ಹೊಣೆಯು ಅಣ್ಣನ ಹೆಸರಿನಲ್ಲಿದ್ದರೂ ಅವರು ಆಯೋಗದ ಕಾರ್ಯಗಳಲ್ಲಿ ನಿರತರಾಗಿದ್ದ ಕಾರಣ ದಿನನಿತ್ಯದ ಕೆಲಸಗಳನ್ನು ಬಹುಮಟ್ಟಿಗೆ ಇವರೇ ನಿರ್ವಹಿಸುತ್ತಿದ್ದರು. ಸಂಗ್ರಹದ ದಾಖಲೆಗಳನ್ನು ಕ್ರಮಬದ್ಧಗೊಳಿಸುತ್ತಲೇ ಸ್ವಂತ ಪರಿಶ್ರಮದಿಂದ ಪ್ರಾಣಿಶಾಸ್ತ್ರವನ್ನು ಕಲಿತರು. ಇವರ ಮೊದಲ ಸಂಶೋಧನಾ ಲೇಖನವು ಜೇಮ್ಸ್ ಬೆನೆಡಿಕ್ಟ್ ರವರ ಜೊತೆಗೂಡಿ 1891ರಲ್ಲಿ ಪ್ರಕಟವಾಯಿತು. 1907ರಲ್ಲಿ ಇವರು ಸಹಾಯಕ ಸಂಗ್ರಹಪಾಲಕರಾದರು.

ಹೆಸರಿನ ಮಹತ್ವ

ಅಂದಿನ ದಿನಗಳಲ್ಲಿ ಒಂದೇ ಜಾತಿಯ ಏಡಿಗೆ ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆ ಹೆಸರುಗಳನ್ನು ನೀಡಿರುವುದು ಸಾಮಾನ್ಯವಾಗಿತ್ತು. ರಾಥ್‌ಬನ್ ರವರು ಹಳೆಯ ದಾಖಲೆಗಳನ್ನು ಪರಿಶೀಲಿಸಿ, ನಿಯಮಾನುಸಾರ ಮೊದಲು ನೀಡಲಾದ ಹೆಸರನ್ನು ಎತ್ತಿಹಿಡಿದು ಈ ಗೊಂದಲವನ್ನು ನಿವಾರಿಸಲು ಶ್ರಮಿಸಿದರು.

ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಮೀನುಗಾರರ ಜೀವನಾಧಾರಗಳಲ್ಲಿ ಒಂದಾದ ನೀಲಿ ಏಡಿಗೆ 1896ರಲ್ಲಿ ಕ್ಯಾಲಿನೆಕ್ಟೆಸ್ ಸ್ಯಾಪಿಡಸ್ ಎಂಬ ಹೆಸರನ್ನು ನೀಡಿದವರು ಇವರೇ. ಸೊಗಸಾಗಿ ಈಜುವ, ರುಚಿಕರವಾದ ಪ್ರಾಣಿ ಎಂಬುದು ಇದರ ಅರ್ಥ. ಈ ಹೆಸರು ಇಂದಿಗೂ ಬಳಕೆಯಲ್ಲಿದ್ದು, ವೈಜ್ಞಾನಿಕ ಬರಹಗಳಲ್ಲಿ ಅದರ ಮುಂದೆ ರಾಥ್‌ಬನ್, 1896 ಎಂದು ನಮೂದಿಸಲಾಗುತ್ತದೆ. ಈ ಏಡಿಯು ನಂತರದ ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೂ ಹರಡಿ, ಅಲ್ಲಿನ ಜೀವಿಗಳಿಗೆ ಮತ್ತು ಮೀನುಗಾರಿಕೆಗೆ ತೊಂದರೆಯುಂಟುಮಾಡಿದೆ. ಹೊಸ ಜಾಗದಲ್ಲಿ ಕಾಣಿಸಿಕೊಂಡ ಪ್ರಾಣಿಯು ಯಾವುದೆಂದು ಖಚಿತಪಡಿಸಿಕೊಳ್ಳಲು ಇಂತಹ ಸ್ಪಷ್ಟ ವಿವರಣೆಗಳೇ ಆಧಾರ.

ಪ್ರಮುಖ ಕೃತಿಗಳು

ರಾಥ್‌ಬನ್ ರವರ 150ಕ್ಕೂ ಹೆಚ್ಚು ಬರಹಗಳು ಪ್ರಕಟವಾಗಿವೆ. 1904ರಿಂದ 1906ರ ಅವಧಿಯಲ್ಲಿ ಸಿಹಿನೀರಿನ ಏಡಿಗಳನ್ನು ಕುರಿತ ಇವರ ಬೃಹತ್ ಅಧ್ಯಯನವು ಫ್ರೆಂಚ್ ಭಾಷೆಯಲ್ಲಿ ಪ್ಯಾರಿಸ್ಸಿನಿಂದ ಪ್ರಕಟವಾಯಿತು. ಅಮೆರಿಕ ಖಂಡಗಳ ಏಡಿಗಳನ್ನು ಕುರಿತು 1918, 1925, 1930 ಮತ್ತು 1937ರಲ್ಲಿ ಹೊರಬಂದ ನಾಲ್ಕು ಸಂಪುಟಗಳು ಇವರ ಮುಖ್ಯ ಕೊಡುಗೆಯಾಗಿವೆ. ಇದರೊಂದಿಗೆ ಏಡಿಗಳ ಪಳೆಯುಳಿಕೆಗಳ ಬಗ್ಗೆಯೂ ಇವರು ಗ್ರಂಥಗಳನ್ನು ರಚಿಸಿದರು.

ವೇತನ ತ್ಯಾಗ

ವಿಭಾಗದ ಕೆಲಸದ ಹೊರೆ ಹೆಚ್ಚುತ್ತಿದ್ದರೂ ಮತ್ತೊಬ್ಬ ಸಹಾಯಕರನ್ನು ನೇಮಿಸಿಕೊಳ್ಳಲು ಹಣ ಲಭ್ಯವಿರಲಿಲ್ಲ. ಈ ಕಾರಣದಿಂದ 1914ರಲ್ಲಿ ರಾಥ್‌ಬನ್ ರವರು ತಮ್ಮ ಹುದ್ದೆಗೆ ರಾಜೀನಾಮೆ ನೀಡಿ, ತಮ್ಮ ವೇತನದ ಮೊತ್ತದಲ್ಲಿ ಯುವ ವಿಜ್ಞಾನಿ ವಾಲ್ಡೋ ಸ್ಮಿಟ್ ರವರ ನೇಮಕಾತಿಗೆ ಅವಕಾಶ ಮಾಡಿಕೊಟ್ಟರು. ಆದರೆ ಕೆಲಸವನ್ನು ಬಿಡಲಿಲ್ಲ. ಗೌರವ ಸಂಶೋಧಕರಾಗಿ ಜೀವನದ ಕೊನೆಯವರೆಗೂ ವೇತನವಿಲ್ಲದೆ ದುಡಿದರು. ಮೇಲೆ ತಿಳಿಸಿದ ನಾಲ್ಕು ಸಂಪುಟಗಳೂ ರಾಜೀನಾಮೆಯ ನಂತರವೇ ಪ್ರಕಟವಾದವು ಎಂಬುದು ಗಮನಾರ್ಹ. ಸ್ಮಿಟ್ ರವರು ಮುಂದೆ ಕಠಿಣಚರ್ಮಿಗಳ ಪ್ರಸಿದ್ಧ ತಜ್ಞರಾಗಿ ಹೆಸರು ಗಳಿಸಿದರು.

ಗೌರವಗಳು ಮತ್ತು ನಿಧನ

1916ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವು ಇವರಿಗೆ ಗೌರವ ಸ್ನಾತಕೋತ್ತರ ಪದವಿಯನ್ನು ನೀಡಿತು. ಮರುವರ್ಷ, ತಮ್ಮ 57ನೆಯ ವಯಸ್ಸಿನಲ್ಲಿ, ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ರಾಥ್‌ಬನ್ ರವರು 1943ರ ಏಪ್ರಿಲ್ 4ರಂದು ವಾಷಿಂಗ್ಟನ್ ನಗರದಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ ವಯಸ್ಸಾಗಿತ್ತು. ಏಡಿ ಮತ್ತು ಸೀಗಡಿಗಳ ಅಧ್ಯಯನವು ಮುಂದುವರಿಯಲೆಂದು ತಮ್ಮ ಉಯಿಲಿನಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ 10,000 ಡಾಲರ್ ಮೊತ್ತವನ್ನು ಬಿಟ್ಟುಹೋದರು. ಸಂಬಳವಿಲ್ಲದೆ ಆರಂಭಿಸಿದ ಸೇವೆಯನ್ನು ಸಂಬಳವಿಲ್ಲದೆಯೇ ಪೂರ್ಣಗೊಳಿಸಿದ ಇವರ ಬದುಕು, ಸಂಗ್ರಹಾಲಯದ ದಾಖಲೆಗಳನ್ನು ನಿಷ್ಠೆಯಿಂದ ಕಾಪಾಡುವ ಕೆಲಸವೂ ವಿಜ್ಞಾನಕ್ಕೆ ಸಲ್ಲುವ ದೊಡ್ಡ ಸೇವೆಯೆಂಬುದಕ್ಕೆ ನಿದರ್ಶನವಾಗಿದೆ.